ಬಲಗೈಯ ಉಗುರು

ಸಿಂಧನೂರು
2 ಸೆಪ್ಟೆಂಬರ್ 2024

ಸನ್ಮಾನ್ಯ ಅಧ್ಯಕ್ಷರೇ, ವೇದಿಕೆಯನ್ನು ಅಲಂಕರಿಸಿರುವ ಗಣ್ಯರೇ, ಕುರ್ಚಿ ಸಿಗದೆ ಗೋಡೆಗೆ ಒರಗಿ ನಿಂತಿರುವ ಅಗಣ್ಯರೇ, ಮತ್ತು ಲಿಂಗಸುಗೂರಿನಿಂದ ಆಗಮಿಸದೇ ಇರುವ ನನ್ನ ಒಬ್ಬಳೇ ತಂಗಿಯೇ,

ಇಂದಿನ ಚರ್ಚೆಯ ವಿಷಯ: ‘ನಲವತ್ತಾರರ ಗುಮಾಸ್ತನೊಬ್ಬ ಗಿಟಾರು ಹಿಡಿದು ಕೂರುವುದು ಸಮಾಜಕ್ಕೆ ಮಾರಕ’. ಪರವಾಗಿ ನನ್ನ ಹೆಂಡತಿ ನಾಗವೇಣಿ, ಎದುರುಮನೆಯ ಹಿಟ್ಟಿನ ಗಿರಣಿ ಮತ್ತು ನಗರದ ನಳದ ನೀರು ಈಗಾಗಲೇ ಮಾತನಾಡಿ ಚಪ್ಪಾಳೆ ಗಿಟ್ಟಿಸಿವೆ. ವಿರೋಧಕ್ಕೆ ನಾನೊಬ್ಬನೇ ಉಳಿದಿದ್ದೇನೆ. ನೀನು ನನ್ನ ನಂಬರನ್ನು ಬ್ಲಾಕ್ ಮಾಡಿರುವುದರಿಂದ ಈ ಭಾಷಣ ಅಂಚೆಯಲ್ಲಿ ಬರುತ್ತಿದೆ. ಒಂದೇ ದಿನ ಹನ್ನೊಂದು ಸಲ ಫೋನ್ ಮಾಡಿದ್ದು ನನ್ನ ತಪ್ಪೇ ಇರಬಹುದು. ಹತ್ತು ಸಲ ಎತ್ತದೇ ಇದ್ದದ್ದು ಯಾರ ತಪ್ಪು?

ವಿಷಯ ನಿನಗೆ ಗೊತ್ತು, ಆದರೂ ಸಭೆಯ ನಡಾವಳಿಗೆ ಸೇರಲಿ. ನಮಗೆ ಗಿಟಾರು ಕಲಿಸಿದ ಹಾಲ್ದಾರ ಮಾಸ್ತರಿಗೆ ಎಂಬತ್ತು ತುಂಬುತ್ತದೆ. ಡಿಸೆಂಬರ್ 22, ಭಾನುವಾರ ಬೆಳಿಗ್ಗೆ, ಬಂಗಾಲಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನಲ್ಲಿ ಅವರ ಶಿಷ್ಯರೆಲ್ಲ ಸೇರಿ ಬಾರಿಸಬೇಕು. ನಮ್ಮಿಬ್ಬರಿಂದ ಅವರು ಕೇಳಿದ್ದು ಎರಡು ಗಿಟಾರಿನ ಆ ಜೋಡಿ ತುಣುಕು. ನಮಗಾಗಿಯೇ ಅವರು ಕಟ್ಟಿದ್ದು, ಇಪ್ಪತ್ತೊಂದು ವರ್ಷವಾದರೂ ಒಮ್ಮೆಯೂ ಜನರೆದುರು ಬಾರಿಸದೇ ಉಳಿದದ್ದು. “ಸುರೇಖಾ ಬರ್ತದಾ?” ಎಂದು ತಮ್ಮ ಬಂಗಾಲಿ ಕನ್ನಡದಲ್ಲಿ ಕೇಳಿದರು. ಬರ್ತದೆ ಎಂದುಬಿಟ್ಟೆ. ಅವ್ವನಿಗೂ ಮುಂದಿನ ಸಾಲಿನಲ್ಲಿ ಕೂತು ಕೇಳುವ ಆಸೆ. ಅವಳಿಗೀಗ ಎಪ್ಪತ್ತೊಂದು. ಇಷ್ಟು ಹೇಳಿದ್ದಕ್ಕೆ ನೀನು ಫೋನು ಇಟ್ಟೆ.

ಇನ್ನು ನನ್ನ ಅಭ್ಯಾಸದ ವರದಿ. ಬೆಳಿಗ್ಗೆ ಆರಕ್ಕೆ ಕೂರುತ್ತೇನೆ. ಟ್ರೆಮೊಲೊ ಎಂದರೆ ಹೆಬ್ಬೆರಳು ಒಮ್ಮೆ, ಅದರ ಬೆನ್ನಿಗೆ ಉಂಗುರಬೆರಳು, ನಡುಬೆರಳು, ತೋರುಬೆರಳು, ನಾಲ್ಕೂ ಒಂದೇ ತೂಕದಲ್ಲಿ ಬೀಳಬೇಕು. ನಾಲ್ಕನೆಯದು ಬೀಳುವ ಮೊದಲೇ ನಾಗವೇಣಿ ಕೂಗುತ್ತಾಳೆ: “ನಳ ಬಂತು! ಏನ್ರೀ, ಆ ಟಿಂಗ್ ಟಿಂಗ್ ಬಿಟ್ಟು ಕೊಡ ಹಿಡೀರಿ!” ನಾಲ್ಕು ದಿನಕ್ಕೊಮ್ಮೆ ಬರುವ ನೀರು ನನ್ನ ಬೆರಳಿಗಿಂತ ಸಮನಾಗಿ ಬೀಳುತ್ತದೆ, ಒಪ್ಪಿಕೊಳ್ಳುತ್ತೇನೆ. ಎಡಗಾಲಿಗೆ ಎತ್ತರದ ಆಸರೆಯಿಲ್ಲದೆ ಗಿಟಾರು ತೊಡೆಯ ಮೇಲೆ ನಿಲ್ಲುವುದಿಲ್ಲವಲ್ಲ, ಅದಕ್ಕೆ ಅಡುಗೆಮನೆಯ ಜೋಳ ಅಳೆಯುವ ಸೇರನ್ನು ಬೋರಲು ಹಾಕಿ ಕಾಲಿಟ್ಟೆ. ಅವ್ವ ಬಾಗಿಲಲ್ಲೇ ನಿಂತಿದ್ದಳು. “ಕಾಳು ಅಳಿಯೂ ಸೇರಿಗೆ ಕಾಲು ಕೊಡ್ತೀಯೇನಲೇ, ಖೋಡಿ!” ಸೇರನ್ನು ತೊಳೆದು, ಅರಿಶಿಣ ಹಚ್ಚಿ, ಎರಡು ದಿನ ನನ್ನೊಡನೆ ಮಾತು ಬಿಟ್ಟಳು. ಈಗ ಕಾಲ ಕೆಳಗೆ ಎರಡು ಇಟ್ಟಿಗೆ.

ಬೆಳಿಗ್ಗೆ ಹಿಟ್ಟಿನ ಗಿರಣಿ, ಸಂಜೆಗೆ ಹೆಂಡತಿಯ ಧರಣಿ,
ನಡುವೆ ಸಿಕ್ಕ ಕಾಲು ಗಂಟೆಯಲ್ಲಿ ನನ್ನ ಸಂಗೀತದ ಬೋಣಿ.

ಬರುತ್ತೀಯೋ ಇಲ್ಲವೋ, ಒಂದು ಸಾಲು ಬರೆ.

ಸಭೆಗೆ ಕೈಮುಗಿದು, ನಿನಗೆ ಹಲ್ಲು ಕಡಿದು,
ನಿನ್ನ ಅಣ್ಣ
ಶಿವಪ್ರಸಾದ


ಲಿಂಗಸುಗೂರು
11 ಸೆಪ್ಟೆಂಬರ್ 2024

ಅಣ್ಣಾ,

ಅಧ್ಯಕ್ಷರು ಎದ್ದು ಹೋದರು. ಗಣ್ಯರೂ ಹೋದರು. ಉಳಿದವಳು ನಾನು, ಎದುರಿಗೆ ಎಂಬತ್ತು ಗಣಿತದ ಉತ್ತರಪತ್ರಿಕೆ. ಆದ್ದರಿಂದ ಪ್ರಾಸ ಬದಿಗಿಟ್ಟು ಕೇಳು.

ಮಾಸ್ತರಿಗಾಗಿ ಬಾರಿಸುತ್ತೇನೆ. ಹಾರ್ಮೋನಿಯಂ ಕಲಿಸುವವರು ಅಪ್ಪನ ಹೆಸರು ಕೇಳಿ, ಓಣಿಯ ಹೆಸರು ಕೇಳಿ, ನಮ್ಮಿಬ್ಬರನ್ನೂ ಕಟ್ಟೆಯ ಕೆಳಗೇ ನಿಲ್ಲಿಸಿ ವಾಪಸು ಕಳಿಸಿದ್ದರು. ತಮ್ಮ ದೇಶವನ್ನೇ ಬಿಟ್ಟು ಬಂದ ಆ ಮನುಷ್ಯ ಏನೂ ಕೇಳದೆ ಒಳಗೆ ಕರೆದು ಚಾಪೆ ಹಾಸಿದರು. ಅವರಿಗೆ ಇಲ್ಲ ಎನ್ನಲಾರೆ. ಆದರೆ ಅವ್ವ ಬಂದರೆ ನಾನು ಬರುವುದಿಲ್ಲ. ಇದು ಷರತ್ತು, ಚರ್ಚೆಯ ವಿಷಯವಲ್ಲ.

ನೀನು ಮರೆತಂತೆ ಬರೆಯುತ್ತೀಯ, ಅದಕ್ಕೇ ನೆನಪಿಸುತ್ತೇನೆ. 2003, ಜೂನ್ 13. ಮರುದಿನ ಹೈದರಾಬಾದಿಗೆ ಬಸ್ಸು, ಅದರ ಮರುದಿನ ಗಿಟಾರಿನ ಪರೀಕ್ಷೆ. ನಮ್ಮಿಬ್ಬರಲ್ಲಿ ಅಲ್ಲಿ ಯಾರು ಚೆನ್ನಾಗಿ ಬಾರಿಸುತ್ತಾರೋ ಅವರಿಗೆ ಕಲ್ಕತ್ತೆಯಿಂದ ತಂದ ತಮ್ಮ ಗಿಟಾರನ್ನೇ ಕೊಡುವುದಾಗಿ ಮಾಸ್ತರು ಹೇಳಿದ್ದರು. ತಂತಿ ಮೀಟಲೆಂದು ಆರು ತಿಂಗಳು ಬಲಗೈಯ ಉಗುರು ಬೆಳೆಸಿದ್ದೆ. ಪಾತ್ರೆ ಎಡಗೈಯಲ್ಲಿ ಉಜ್ಜಿದ್ದೆ, ಬಟ್ಟೆ ಎಡಗೈಯಲ್ಲಿ ಹಿಂಡಿದ್ದೆ. ಅಂದು ಮಧ್ಯಾಹ್ನ ಯಾವನೋ ನೋಡಲು ಬರುವವನಿದ್ದ. ಅವ್ವ ಎದುರಿಗೆ ಕೂತು, “ಬಳಿ ಇಡಸ್ತೀನಿ, ಕೈ ಕೊಡು ಸುರೀ” ಎಂದಳು. ಕೊಟ್ಟೆ. ಮಣಿಕಟ್ಟು ಗಟ್ಟಿಯಾಗಿ ಹಿಡಿದು ಸೆರಗಿನಿಂದ ನೇಲ್ ಕಟರ್ ತೆಗೆದಳು. ಹೆಬ್ಬೆರಳು, ತೋರುಬೆರಳು, ನಡುಬೆರಳು. ಅಷ್ಟರಲ್ಲಿ ಕೈ ಕಿತ್ತುಕೊಂಡೆ. ಉಂಗುರಬೆರಳಿನದು ಮಾತ್ರ ಉಳಿಯಿತು.

“ಮೂರು ಉಗುರಿಗೆ ಇಷ್ಟು ಅಳ್ತಾರೇನಬೇ? ಬೆಳೀತಾವ ಬಿಡು” ಎಂದಳು. ಬೆಳೆದವು. ಪರೀಕ್ಷೆ ಮತ್ತೆ ಬರಲಿಲ್ಲ. ನೋಡಲು ಬಂದವರು ಅವಲಕ್ಕಿ ತಿಂದು, ಹುಡುಗಿ ಗಿಡ್ಡ ಎಂದು ಹೋದರು. ನೀನೊಬ್ಬನೇ ಹೈದರಾಬಾದಿಗೆ ಹೋಗಿ, ಪಾಸಾಗಿ, ಗಿಟಾರು ತಂದೆ. ನಾನು ಮುಂದಿನ ಇಪ್ಪತ್ತು ವರ್ಷ ತಂತಿ ಮುಟ್ಟಲಿಲ್ಲ. ಹೋದ ವರ್ಷ ನಮ್ಮ ಮನೆಯವರು, ಪಾಪ ಅನಿಲಕುಮಾರ, ಹುಬ್ಬಳ್ಳಿಯಿಂದ ಒಂದು ತಂದು ಮಂಚದ ಮೇಲೆ ಇಟ್ಟು ಹೊರಗೆ ಹೋದರು. ಅಂದಿನಿಂದ ಉಗುರು ಬೆಳೆಸಿದ್ದೇನೆ. “ಮಿಸ್, ಒಂದ ಕೈಗೆ ಯಾಕ್ರೀ ಉಗುರು?” ಎಂದು ಎಂಟನೇ ತರಗತಿ ಕೇಳುತ್ತದೆ. ಕರಿಹಲಗೆ ಒರೆಸಲು ಎಂದು ಹೇಳಿದ್ದೇನೆ.

ತಾಲೀಮಿಗೆ ಮಸ್ಕಿ. ನಿನಗೂ ನನಗೂ ಅರ್ಧ ದಾರಿ. ನನ್ನ ಜೊತೆ ಬಿ.ಎಡ್. ಮಾಡಿದ ಶಾಹೀಸ್ತಾಳ ಮನೆಯಲ್ಲಿ, ಗಾಂಧಿ ಜಯಂತಿಯ ದಿನ, ಹತ್ತು ಗಂಟೆಗೆ. ಒಬ್ಬನೇ ಬಾ.

ಸುರೇಖಾ


ಸಿಂಧನೂರು
24 ಸೆಪ್ಟೆಂಬರ್ 2024

ಷರತ್ತುಗಳ ಸಾಮ್ರಾಜ್ಞಿಗೆ,

ಬರುತ್ತೇನೆ. ಆದರೆ ತಯಾರಾಗಿ ಬರುತ್ತೇನೆಂದು ತಿಳಿಯಬೇಡ. ಗಣಪತಿ ಕೂತಾಗ ಪೆಂಡಾಲಿನ ಸ್ಪೀಕರ್ ಡಬ್ಬಾಗಳು ನಮ್ಮ ಕಿಟಕಿಗೇ ಮುಖ ಮಾಡಿದ್ದವು. ಗಿಟಾರನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದರೂ ತಂತಿಗಳು ಒಳಗೇ ಗುಂಯ್ ಎನ್ನುತ್ತಿದ್ದವು. ನಾನು ಬಾರಿಸದೆಯೇ ಅದು ಬಾರಿಸಿಕೊಂಡ ಮೊದಲ ಸಂದರ್ಭ ಅದು. ಸಂಘಟಕರಲ್ಲಿಗೆ ಹೋಗಿ, “ಒಂದು ತಾಸು ಸಣ್ಣಗೆ ಮಾಡ್ರೆಪಾ” ಎಂದೆ. “ಸರ್, ನೀವ ನಿಮ್ಮದನ್ನ ಜೋರು ಮಾಡ್ರಿ” ಎಂದರು.

ಪೆಂಡಾಲಿನಲ್ಲಿ ಗಣಪತಿ, ಪೆಟ್ಟಿಗೆಯಲ್ಲಿ ಗಿಟಾರು,
ನಡುವೆ ಕೂತ ಗುಮಾಸ್ತನಿಗೆ ಒಂಬತ್ತು ದಿನ ಬೇಜಾರು.

ಪ್ರಾಸ ಬೇಡ ಎಂದಿದ್ದೀಯ. ಸರಿ, ಗದ್ಯದಲ್ಲೇ ಕೇಳುತ್ತೇನೆ. ಅಪ್ಪ ಸತ್ತಾಗ ಬಂದು, ಅಪ್ಪನ ಕಾಲಿಗೆ ಬಿದ್ದು, ಪಕ್ಕದಲ್ಲೇ ಕೂತಿದ್ದ ಅವ್ವನ ಮುಖ ನೋಡದೆ ಬಸ್ಸು ಹತ್ತಿದವಳು ನೀನು. ಆಕೆ ಆವತ್ತು ನಿನಗೆಂದು ತೆಗೆದಿಟ್ಟ ರೊಟ್ಟಿ ಎರಡು ದಿನ ಹಾಗೇ ಇತ್ತು. ಉಗುರಿಗೂ ಒಂದು ಉದ್ದ ಇರುತ್ತದೆ, ಸುರೇಖಾ. ಸಿಟ್ಟಿಗೆ?

ಅರ್ಧ ದಾರಿಗೆ ಬರಲಿರುವ ಅಣ್ಣ,
ಶಿವಪ್ರಸಾದ


ಲಿಂಗಸುಗೂರು
4 ಅಕ್ಟೋಬರ್ 2024

ಅಣ್ಣಾ,

‘ಒಬ್ಬನೇ ಬಾ’ ಎಂಬ ಮಾತಿನಲ್ಲಿ ನಿನಗೆ ಯಾವ ಪದ ತಿಳಿಯಲಿಲ್ಲ?

ಗಿಟಾರಿನ ಶ್ರುತಿ ಸರಿಮಾಡಿ ಕೂತಿದ್ದೆ. ಶಾಹೀಸ್ತಾ ಚಹಾ ತಂದಿದ್ದಳು. ಬೈಕಿನ ಸಪ್ಪಳ ಕೇಳಿ ಬಾಗಿಲಿಗೆ ಬಂದರೆ ನಿನ್ನ ಬೆನ್ನಿಗೆ ಗಿಟಾರು, ಗಿಟಾರಿನ ಹಿಂದೆ ಅವ್ವ. ಇಪ್ಪತ್ತೈದು ಕಿಲೋಮೀಟರ್ ಆ ಬಿಸಿಲಲ್ಲಿ ಮುದುಕಿಯನ್ನು ಬೈಕಿನ ಮೇಲೆ ತಂದಿದ್ದೀಯ. ಕೈಯಲ್ಲಿ ಡಬ್ಬಿ. ಶೇಂಗಾ ಹೋಳಿಗೆ ಇರಬೇಕು, ವಾಸನೆ ಬಂತು. “ಸುರೀ, ಸಣ್ಣಾಗೀಯಲ್ಲಬೇ” ಎಂದಳು. ನೀನು ನಿನ್ನ ಚರ್ಚಾಸ್ಪರ್ಧೆಯ ಮುಖ ಮಾಡಿಕೊಂಡು, “ಕಾರ್ಯಕ್ರಮ ಆರಂಭವಾಗಲಿ” ಎಂದೆ. ಆ ನಗು! ಆ ಒಂದು ನಗುವಿಗೆ ನಿನ್ನ ತಲೆಯ ಮೇಲೆ ಚಹಾ ಸುರಿಯಬೇಕಿತ್ತು. ಶಾಹೀಸ್ತಾಳ ಕಪ್ಪು ಒಡೆದೀತೆಂದು ಬಿಟ್ಟೆ.

ಎದ್ದು ಹೋದೆ. ತಪ್ಪೆಂದು ಇನ್ನೂ ಅನ್ನಿಸಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಒಂದು ತಾಸು ಗಿಟಾರನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಯಾರೋ ಕೇಳಿದರು, “ಮೇಡಂ, ಆರ್ಕೆಸ್ಟ್ರಾದಾಗ ಇದ್ದೀರೇನ್ರಿ?” ಹೌದು ಎಂದೆ.

ಇನ್ನು ತಾಲೀಮು ಇಲ್ಲ. ನನ್ನ ಭಾಗ ನನಗೆ ಬರುತ್ತದೆ, ನಿನ್ನದನ್ನು ನೀನು ಕಲಿ. ಅವ್ವ ಅಲ್ಲಿ ಇರುವುದಿಲ್ಲ ಎಂದು ಬರವಣಿಗೆಯಲ್ಲಿ ಕೊಟ್ಟರೆ ಡಿಸೆಂಬರ್ 22ಕ್ಕೆ ನೇರವಾಗಿ ಕ್ಯಾಂಪಿಗೆ ಬರುತ್ತೇನೆ. ಇಲ್ಲದಿದ್ದರೆ ಮಾಸ್ತರಿಗೆ ನೀನೇ ಹೇಳಿಕೋ.

ಸುರೇಖಾ

ಇದನ್ನು ಕಂಡಕ್ಟರ್ ಚಾಂದ್‌ಪಾಷಾರ ಕೈಯಲ್ಲಿ ಕಳಿಸುತ್ತಿದ್ದೇನೆ. ಅಂಚೆ ತಲುಪುವವರೆಗೆ ಸಿಟ್ಟು ತಣ್ಣಗಾಗುವುದು ಬೇಡ.


ಸಿಂಧನೂರು
20 ಅಕ್ಟೋಬರ್ 2024

ಗಣಿತದ ಮೇಡಂ ಅವರ ಸನ್ನಿಧಿಗೆ,

ಒಂದು ಲೆಕ್ಕ ಬಿಡಿಸಿ. ಮೂರು ಉಗುರು, ಇಪ್ಪತ್ತೊಂದು ವರ್ಷ. ಒಂದು ಉಗುರಿಗೆ ಏಳು ವರ್ಷ. ಕೊಲೆ ಮಾಡಿ ಜೈಲಿಗೆ ಹೋದವನೂ ಇಷ್ಟರಲ್ಲಿ ಹೊರಗೆ ಬಂದು, ಮದುವೆಯಾಗಿ, ಪಂಚಾಯಿತಿಗೆ ನಿಂತು ಗೆದ್ದಿರುತ್ತಾನೆ. ನಮ್ಮವ್ವ ಇನ್ನೂ ಒಳಗೇ ಇದ್ದಾಳೆ.

ನೀನು ಎದ್ದು ಹೋದ ಮೇಲೆ ಆಕೆ ಡಬ್ಬಿಯನ್ನು ಶಾಹೀಸ್ತಾಳಿಗೆ ಕೊಟ್ಟು, “ನಿನ್ನ ಗೆಳತಿ ಬಂದಾಗ ತಿನ್ನಲಿ, ನಾ ಕೊಟ್ಟೀನಿ ಅಂತ ಹೇಳಬ್ಯಾಡ” ಎಂದಳು. ವಾಪಸು ಬಂದು ಮನೆ ಮುಂದೆ ಬೈಕಿನ ಸ್ಟ್ಯಾಂಡ್ ಹಾಕುವಾಗ ನನ್ನ ತೋರುಬೆರಳಿನ ಉಗುರು ಅದಕ್ಕೆ ಸಿಕ್ಕಿ ಮೂಲೆ ಸೀಳಿತು. ಆ ಸಿಟ್ಟಿಗೆ ಬೈಕನ್ನು ಒದ್ದೆ, ಇಟ್ಟಿಗೆಗಳನ್ನು ಅಂಗಳಕ್ಕೆ ಎಸೆದೆ, ಮಗಳು ಸಂಘಮಿತ್ರಾಳನ್ನು ಕಾರಣವಿಲ್ಲದೆ ಬೈದೆ. “ನಿಮ್ಮ ಉಗುರು ಮುರದ್ರ ಊರಿಗೆಲ್ಲ ಸೂತಕ ಏನ್ರೀ?” ಎಂದಳು ನಾಗವೇಣಿ.

ಅವ್ವ ಟ್ರಂಕಿನಿಂದ ಒಂದು ತುಂಡು ಪಾಲಿಷ್ ಕಾಗದ ತಂದು ನನ್ನ ಬೆರಳು ಹಿಡಿದು ಕೂತಳು. ಹಳೆಯದು, ನುಣ್ಣಗಾದದ್ದು. “ಹಿಂದ ಮುಂದ ಉಜ್ಜಬಾರದಪಾ, ಒಂದ ಕಡೆ ಉಜ್ಜಬೇಕು. ತುದಿ ದುಂಡಗಿರಬೇಕು, ತಂತಿ ಜಾರಿ ಹೋಗಬೇಕು. ಸುರೀ ಹಿಂಗ ಉಜ್ಜತಿದ್ದಳು.” ಮೂವತ್ತು ವರ್ಷದಿಂದ ಬಾರಿಸುವ ನನಗೆ ಅಷ್ಟು ಚೆನ್ನಾಗಿ ಬರುವುದಿಲ್ಲ. ಆ ಕಾಗದ ನಿನ್ನದು. ನಿನ್ನ ಮದುವೆಯ ನಂತರ ಅದನ್ನು ಟ್ರಂಕಿನಲ್ಲಿ ಇಟ್ಟುಕೊಂಡಿದ್ದಾಳೆ.

ಇಂಥವಳನ್ನು ಬಾಗಿಲ ಹೊರಗೆ ನಿಲ್ಲಿಸಿ ನೀನು ಸಂಗೀತ ಬಾರಿಸುತ್ತೀಯಾ? ಬರವಣಿಗೆಯಲ್ಲಿ ಕೊಡಬೇಕಂತೆ. ಕೊಡುವುದಿಲ್ಲ. ನಿನ್ನದು ಹಠ, ನಿನ್ನ ಹಠಕ್ಕೆ ದೊಡ್ಡ ಹೆಸರು ಬೇಡ.

ಸೀಳಿದ ಉಗುರಿನ ಅಣ್ಣ,
ಶಿವಪ್ರಸಾದ


ಸಿಂಧನೂರು
10 ನವೆಂಬರ್ 2024

ಸುರೇಖಾ ಅತ್ತೆಗೆ ನಮಸ್ಕಾರ. ಅಜ್ಜಿ ಹೇಳಿದ್ದನ್ನು ನಾನು ಬರೆಯುತ್ತಿದ್ದೇನೆ. ಅಪ್ಪನಿಗೆ ಗೊತ್ತಿಲ್ಲ. ಅಜ್ಜಿ ಹೇಳಿದ ಹಾಗೇ ಬರೆಯಬೇಕಂತೆ.

ಸುರೀ, ನಿಮ್ಮವ್ವ ಯಂಕಮ್ಮ ಹೇಳೂದು. ನಿಮ್ಮಣ್ಣ ನಿನಗ ಏನೇನೋ ಬರದಾನಂತ. ಬಿರುಸು ಬರದಿದ್ರ ಮನಸಿಗೆ ಹಚ್ಕೋಬ್ಯಾಡ. ನಾ ಆ ದಿನ ಕ್ಯಾಂಪಿಗೆ ಬರಂಗಿಲ್ಲ. ಮನ್ಯಾಗ ಇರ್ತೀನಿ. ಮಿತ್ರಾ ಫೋನಿನ್ಯಾಗ ಹಿಡಕೊಂಡು ಬಂದು ಕೇಳಿಸ್ತಾಳ. ನಿನ್ನ ಕೈ ಹಿಡದು ನಾ ಮಾಡಿದ್ದು ತಪ್ಪು. ಅದಕ್ಕ ನೀ ಮಾತು ಬಿಟ್ಟಿದ್ದು ಬರೋಬರಿ ಐತಿ. ಆದ್ರ ಅಣ್ಣನ ಕೂಡ ಮಾತು ಬಿಡಬ್ಯಾಡ. ನೀವಿಬ್ಬರು ಚಲೋ ಇರಲಿ ಅಂತನ ನಾ ಸುಮ್ಕ ಇದ್ದೀನಿ.

ಅತ್ತೆ, ಇದರ ಕೆಳಗೆ ಅಜ್ಜಿ ಇನ್ನೊಂದು ಮಾತು ಹೇಳಿದಳು. ಬರೆದ ಮೇಲೆ “ಬ್ಯಾಡ, ಅದನ್ನ ಹೊಡದು ಹಾಕು” ಎಂದಳು. ಗೀಟು ಹಾಕಿದ್ದೇನೆ. ಹೊಲಸಾಗಿದ್ದಕ್ಕೆ ಕ್ಷಮಿಸಿ.

ಅಜ್ಜಿಯ ಹೆಬ್ಬೆಟ್ಟು
ಬರೆದವಳು, ಸಂಘಮಿತ್ರಾ, ಹತ್ತನೇ ತರಗತಿ


ಲಿಂಗಸುಗೂರು
19 ನವೆಂಬರ್ 2024

ಅಣ್ಣಾ,

ಅವ್ವ ಬರೆಸಿದ ಪತ್ರ ಬಂದಿದೆ. ಮಿತ್ರಾಳನ್ನು ಬೈಯಬೇಡ.

ಗೀಟು ಹಾಕಿದ ಸಾಲನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಮಕ್ಕಳು ಉತ್ತರಪತ್ರಿಕೆಯಲ್ಲಿ ಹೊಡೆದು ಹಾಕಿದ್ದನ್ನು ಓದುವುದು ನನ್ನ ಕೆಲಸ. ‘ಉಗುರಿನ ಮಾತು ಅಣ್ಣನ್ನ ಕೇಳು’ ಎಂದಿದೆ.

ಕೇಳುತ್ತಿದ್ದೇನೆ.

ಇನ್ನೂ ಒಂದು ಇದೆ. ಪತ್ರ ಬಂದಾಗಿನಿಂದ ತಲೆಯಲ್ಲಿ ಅದೇ ಕೊರೆಯುತ್ತಿದೆ. ಆಗ ನಮ್ಮ ಮನೆಯಲ್ಲಿ ಎಲ್ಲರೂ ಅಪ್ಪನ ಹಳೆಯ ಬ್ಲೇಡಿನಿಂದಲೇ ಉಗುರು ತೆಗೆಯುತ್ತಿದ್ದೆವು. ಅವ್ವನ ಸೆರಗಿನಲ್ಲಿ ನೇಲ್ ಕಟರ್ ಎಲ್ಲಿಂದ ಬಂತು?

ಪ್ರಾಸ ಬೇಡ. ಸಭೆ ಬೇಡ.

ಸುರೇಖಾ


ಸಿಂಧನೂರು
28 ನವೆಂಬರ್ 2024

ಸನ್ಮಾನ್ಯ ಅಧ್ಯಕ್ಷರೇ, ನಿರ್ಣಾಯಕರೇ, ಸಮಯಪಾಲಕರೇ, ಮತ್ತು ಕೊನೆಯ ಸಾಲಿನಲ್ಲಿ ಎದ್ದು ನಿಂತು ಪ್ರಶ್ನೆ ಕೇಳಿರುವ ಮಾನ್ಯ ಸಭಿಕರೇ,

ತಮ್ಮ ಪ್ರಶ್ನೆ ಸಮಯೋಚಿತವಾಗಿದೆ. ಉತ್ತರಿಸುವ ಮೊದಲು ಅಭ್ಯಾಸದ ವರದಿಯನ್ನು ಸಭೆಯ ಮುಂದಿಡಲು ಅಪ್ಪಣೆಯಾಗಬೇಕು. ಭತ್ತದ ಕೊಯ್ಲು ಶುರುವಾಗಿದೆ. ಯಂತ್ರಗಳು ಬೆಳಿಗ್ಗೆ ಐದಕ್ಕೇ ರಸ್ತೆಗಿಳಿಯುತ್ತವೆ, ಕಿಟಕಿಯ ಗಾಜು ಅದುರುತ್ತದೆ, ಧೂಳು ತಂತಿಯ ಮೇಲೆ ಕೂರುತ್ತದೆ. ಒಂಬತ್ತು ದಿನ ನಾನು ಒಂದು ಸ್ವರವನ್ನೂ ಬಾರಿಸಿಲ್ಲ, ಅದಕ್ಕೆ ಯಂತ್ರ ಕಾರಣ, ಧೂಳು ಕಾರಣ, ನಳ ಕಾರಣ, ಗಿರಣಿ ಕಾರಣ. ಮಾಸ್ತರ ಗಿಟಾರನ್ನು ಇಂದು ಬೆಳಿಗ್ಗೆ ಚಾಂದ್‌ಪಾಷಾರ ಬಸ್ಸಿನಲ್ಲಿ, ಅವರ ಸೀಟಿನ ಪಕ್ಕದಲ್ಲೇ ಕೂರಿಸಿ, ನಿನ್ನ ಹೆಸರಿಗೆ ಕಳಿಸಿದ್ದೇನೆ. ಯಾಕೆ ಎಂದು ಸಭೆ ಕೇಳಬಹುದು. ಸಭೆಗೆ ಒಂದು ಪದ್ಯ ಅರ್ಪಿಸಿ ಮುಂದುವರಿಯುತ್ತೇನೆ.

ಗದ್ದೆಯಲ್ಲಿ ಕೊಯ್ಲಿನ ಯಂತ್ರ, ಗುಡಿಯಲ್ಲಿ ಮೈಕಿನ ಮಂತ್ರ,
ಗುಮಾಸ್ತನ ಕೈಗೆ ಗಿಟಾರು ಬಂದದ್ದು ಯಾರ…

ನನ್ನದು, ಸುರೇಖಾ.

ನೇಲ್ ಕಟರ್ ನನ್ನ ಕೀಲಿಕೈ ಗೊಂಚಲಿನದು. ಪರೀಕ್ಷೆಯ ಹಿಂದಿನ ವಾರ ಮಾಸ್ತರು ನನ್ನೊಬ್ಬನನ್ನೇ ಕರೆದು ಹೇಳಿದ್ದರು, “ನೀನು ಬಾರಿಸಿದರೆ ಗಿಟಾರು ಉತ್ತರ ಕೊಡ್ತದೆ. ಸುರೇಖಾ ಬಾರಿಸಿದರೆ ಹಾಡ್ತದೆ. ನೀನು ಬೇಜಾರು ಮಾಡಬೇಡ.” ಬೇಜಾರು ಮಾಡಿಕೊಳ್ಳಲಿಲ್ಲ. ಅಡುಗೆಮನೆಗೆ ಹೋಗಿ ಅವ್ವನಿಗೆ ಹೇಳಿದೆ, “ಬರೋ ಮಂದಿ ಮೊದಲು ಕೈ ನೋಡ್ತಾರಬೇ. ಆ ಉಗುರು ನೋಡಿದ್ರ ಎದ್ದು ಹೋಗ್ತಾರ. ಕೇಳಿದ್ರ ಆಕಿ ಒಪ್ಪಂಗಿಲ್ಲ. ಬಳಿ ಇಡಸೂ ನೆಪ ಮಾಡಿ ಕೈ ಹಿಡಿ.” ಅವಳು ನಂಬಿದಳು. ನೀನು ಮಾತು ಬಿಟ್ಟ ಮೇಲೆ ನನ್ನ ಸಂಚು ಅವಳಿಗೆ ತಿಳಿಯಿತು. ಒಂದು ದಿನವೂ ನನ್ನನ್ನು ಕೇಳಲಿಲ್ಲ. ನಾನೂ ಹೇಳಲಿಲ್ಲ. ಇಷ್ಟು ವರ್ಷ ಅವಳ ಪರವಾಗಿ ನಿನ್ನ ಮೇಲೆ ಸಿಟ್ಟು ಮಾಡಿದ್ದೇನೆ, ಆ ಸಿಟ್ಟು ನಿಜವೆಂದೇ ನಂಬಿದ್ದೆ.

ಆವತ್ತು ಅವ್ವ ನಿನ್ನ ಕೈ ಹಿಡಿಯುವ ಮೊದಲೇ ಹೂವು ತರುತ್ತೇನೆಂದು ಬಜಾರಿಗೆ ಹೋದೆ. ಅರ್ಧ ತಾಸಿನ ಕೆಲಸಕ್ಕೆ ಎರಡು ತಾಸು ಮಾಡಿದೆ. ನೀನು ಅಳುವುದು ನನಗೆ ಕೇಳಬಾರದಿತ್ತು.

ಶಿವಪ್ರಸಾದ